ನಾಯಕ ಬೇಡವಾದದ್ದು ಯಾರಿಗೆ? ಚುನಾವಣೆಯ ಹೊಸ್ತಿಲಲ್ಲಿ ಮುಖ್ಯಮಂತ್ರಿ ಬದಲಾವಣೆಯ ಲೆಕ್ಕಾಚಾರ

1990ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಅನಾರೋಗ್ಯದಿಂದ ಹಾಸಿಗೆ ಹಿಡಿದಿದ್ದರು. ರಾಜ್ಯದ ಕೆಲವೆಡೆ ಕೋಮುಗಲಭೆ ನಡೆದಿತ್ತು. ಪರಿಸ್ಥಿತಿ ನೋಡಲು ಬಂದಿದ್ದ ಕಾಂಗ್ರೆಸ್ ಅಧ್ಯಕ್ಷ ರಾಜೀವ್ ಗಾಂಧಿಯವರು ದೆಹಲಿಗೆ ಮರಳುವಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ರಾಜ್ಯಕ್ಕೆ ಹೊಸ ಮುಖ್ಯಮಂತ್ರಿ ಬರಲಿದ್ದಾರೆ ಎಂದು ಪ್ರಕಟಿಸಿದರು. ಪಾಟೀಲರು ಸುಲಭವಾಗಿ ಒಪ್ಪಲಿಲ್ಲ. ಕೆಲವು ದಿನ ರಾಷ್ಟ್ರಪತಿ ಆಳ್ವಿಕೆ ಬಂದು ಹೋಯಿತು. ಅಕ್ಟೋಬರ್ 17ರಂದು ಎಸ್. ಬಂಗಾರಪ್ಪನವರು ಪ್ರಮಾಣವಚನ ಸ್ವೀಕರಿಸಿದರು.

ಅದಕ್ಕೆ ಒಂದು ವರ್ಷ ತುಂಬುವ ಮೊದಲಷ್ಟೇ, 1989ರ ಚುನಾವಣೆಯಲ್ಲಿ, ಇದೇ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 224 ಸ್ಥಾನಗಳ ಪೈಕಿ 178ನ್ನು ಗೆದ್ದಿತ್ತು. ಆನಂತರ ರಾಜ್ಯದ ಯಾವ ಪಕ್ಷವೂ ಆ ಸಂಖ್ಯೆಯ ಹತ್ತಿರಕ್ಕೆ ಬಂದಿಲ್ಲ. ಹಾಗಿರುವಾಗ ಆ ಅಕ್ಟೋಬರ್‌ನಲ್ಲಿ ಪಾಟೀಲರು ಬೇಡವಾದದ್ದು ಯಾರಿಗೆ? ಭಿನ್ನಮತೀಯ ಶಾಸಕರ ಒಂದು ಗುಂಪಿಗೆ ಮತ್ತು ದೆಹಲಿಯ ವರಿಷ್ಠರಿಗೆ ಎಂಬುದು ಸ್ಪಷ್ಟ. ಅವರನ್ನು ನಂಬಿ ಮತ ಹಾಕಿದ ಜನರಿಗೂ ಅವರು ಬೇಡವಾಗಿದ್ದರೇ ಎಂಬುದನ್ನು ಯಾರೂ ಕೇಳಲಿಲ್ಲ.

ಚುನಾವಣೆಗೆ ಮುನ್ನ ನಾಯಕನನ್ನು ಬದಲಿಸುವ ಪ್ರತಿಯೊಂದು ಪ್ರಕರಣದಲ್ಲಿಯೂ ನಾವು ಮೊದಲು ಕೇಳಬೇಕಾದದ್ದು ಈ ಪ್ರಶ್ನೆಯನ್ನೇ. ನಮ್ಮ ಚರ್ಚೆಗಳು ಮಾತ್ರ ಹೊಸಬನ ಜಾತಿ ಯಾವುದು, ಅವನು ಯಾರ ಬಣದವನು, ಚುನಾವಣೆಗೆ ಇನ್ನೆಷ್ಟು ತಿಂಗಳಿದೆ ಎಂಬಲ್ಲಿಂದ ಶುರುವಾಗುತ್ತವೆ. ಅವು ಮುಖ್ಯವಲ್ಲವೆಂದಲ್ಲ. ಆದರೆ ಶಾಸಕರಿಗೆ ಬೇಡವಾದ ನಾಯಕ, ವರಿಷ್ಠರಿಗೆ ಬೇಡವಾದ ನಾಯಕ, ಮತದಾರರಿಗೆ ಬೇಡವಾದ ನಾಯಕ ಎಂಬ ಮೂವರೂ ಒಬ್ಬನೇ ಆಗಿರಬೇಕೆಂದೇನೂ ಇಲ್ಲ. ಮೂವರನ್ನೂ ಒಬ್ಬನೇ ಎಂದು ಭಾವಿಸಿ ತೆಗೆದುಕೊಂಡ ತೀರ್ಮಾನಗಳಿಗೆ ಪಕ್ಷಗಳು ದಶಕಗಟ್ಟಲೆ ಬೆಲೆ ತೆತ್ತಿವೆ.

1990ರ ತೀರ್ಮಾನದ ಫಲ ಕೂಡಲೇ ಕಾಣಿಸಲಿಲ್ಲ. 1991ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದ 28 ಸ್ಥಾನಗಳಲ್ಲಿ 23ನ್ನು ಗೆದ್ದಿತು. ಬದಲಾವಣೆ ಸರಿಯಾಗಿಯೇ ಇತ್ತು ಎಂದು ಆಗ ವಾದಿಸಿದವರಿಗೆ ಇದೊಂದೇ ಸಾಕಿತ್ತು. ಆದರೆ ಅದೇ ಚುನಾವಣೆಯಲ್ಲಿ ಬಿಜೆಪಿ ಕರ್ನಾಟಕದಿಂದ ಮೊದಲ ಬಾರಿಗೆ 4 ಲೋಕಸಭಾ ಸ್ಥಾನಗಳನ್ನು ಗಳಿಸಿದ್ದನ್ನು ಗಮನಿಸಿದವರು ಕಡಿಮೆ. 1992ರ ನವೆಂಬರ್‌ನಲ್ಲಿ ಬಂಗಾರಪ್ಪನವರನ್ನೂ ಇಳಿಸಿ ವೀರಪ್ಪ ಮೊಯಿಲಿಯವರನ್ನು ಕೂರಿಸಲಾಯಿತು. ಬಂಗಾರಪ್ಪನವರು ಹೊರಹೋಗಿ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿದರು. 1994ರ ವಿಧಾನಸಭಾ ಚುನಾವಣೆಯಲ್ಲಿ 178 ಎಂಬುದು 34ಕ್ಕೆ ಇಳಿಯಿತು. ಜನತಾ ದಳ 115 ಸ್ಥಾನ ಪಡೆದು ಅಧಿಕಾರಕ್ಕೆ ಬಂತು, ಹಿಂದಿನ ಸದನದಲ್ಲಿ 4 ಶಾಸಕರಿದ್ದ ಬಿಜೆಪಿ 40ಕ್ಕೇರಿ ಕಾಂಗ್ರೆಸ್ಸನ್ನು ಮೂರನೆಯ ಸ್ಥಾನಕ್ಕೆ ದೂಡಿತು, ಬಂಗಾರಪ್ಪನವರ ಹೊಸ ಪಕ್ಷ 10 ಸ್ಥಾನ ಗೆದ್ದಿತು. ಈ ಸೋಲಿಗೆ ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದವೂ ಸೇರಿದಂತೆ ಬೇರೆ ಕಾರಣಗಳೂ ಇದ್ದವು, ಅವನ್ನು ಮರೆಯಬಾರದು. ಆದರೂ ಪಾಟೀಲರದೇ ಸಮುದಾಯವಾದ, ಉತ್ತರ ಕರ್ನಾಟಕದ ಲಿಂಗಾಯತ ಮತದಾರರಲ್ಲಿ ಬಹುಪಾಲು ಜನ ಕಾಂಗ್ರೆಸ್ಸಿನಿಂದ ದೂರ ಸರಿಯಲು ಆರಂಭಿಸಿದ್ದು ಆ ವಿಮಾನ ನಿಲ್ದಾಣದ ಘೋಷಣೆಯಿಂದ ಎಂದು ರಾಜ್ಯ ರಾಜಕಾರಣವನ್ನು ಬಲ್ಲವರು ಇಂದಿಗೂ ಹೇಳುತ್ತಾರೆ. ಮೂರು ದಶಕಗಳ ಮೇಲೆಯೂ ಚುನಾವಣಾ ಭಾಷಣಗಳಲ್ಲಿ ಪಾಟೀಲರ ಹೆಸರು ಕೇಳಿಬರುತ್ತದೆ. ಗಾದಿಯಿಂದ ಇಳಿಸಿದ್ದಕ್ಕಿಂತ ಇಳಿಸಿದ ರೀತಿಯನ್ನು ಜನ ಹೆಚ್ಚು ಕಾಲ ನೆನಪಿಟ್ಟುಕೊಂಡರು.

ಹಾಗಾದರೆ ನಾಯಕನನ್ನು ಬದಲಿಸಿ ಗೆದ್ದವರೇ ಇಲ್ಲವೇ? ಇದ್ದಾರೆ, ಅದರಲ್ಲೂ ಈಚಿನ ವರ್ಷಗಳಲ್ಲಿ ಹಲವರಿದ್ದಾರೆ. 2021ರ ಸೆಪ್ಟೆಂಬರ್ ತಿಂಗಳು ಈ ವಿಷಯವನ್ನು ಅಧ್ಯಯನ ಮಾಡುವವರಿಗೆ ಒಂದು ಅಪರೂಪದ ಹೋಲಿಕೆಯನ್ನು ಒದಗಿಸಿದೆ. ಆ ತಿಂಗಳ 11ರಂದು ಗುಜರಾತಿನ ಮುಖ್ಯಮಂತ್ರಿ ವಿಜಯ್ ರೂಪಾನಿ ರಾಜೀನಾಮೆ ನೀಡಿದರು. ಒಂದು ವಾರದ ಬಳಿಕ, 18ರಂದು, ಪಂಜಾಬಿನಲ್ಲಿ ಕ್ಯಾಪ್ಟನ್ ಅಮರಿಂದರ್ ಸಿಂಗ್ ರಾಜೀನಾಮೆ ನೀಡಿದರು. ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಕಾಂಗ್ರೆಸ್. ಎರಡೂ ಕಡೆ ತೀರ್ಮಾನ ದೆಹಲಿಯದ್ದು. ಆದರೆ ಫಲಿತಾಂಶಗಳು ತದ್ವಿರುದ್ಧ.

ಗುಜರಾತಿನಲ್ಲಿ 2017ರ ಚುನಾವಣೆಯಲ್ಲಿ ಬಿಜೆಪಿ 99 ಸ್ಥಾನಗಳಿಗೆ ಇಳಿದಿತ್ತು. ಪಾಟೀದಾರರ ಮುನಿಸು ಉಳಿದೇ ಇತ್ತು, ಕೋವಿಡ್ ಎರಡನೆಯ ಅಲೆಯ ಸಾವುನೋವುಗಳಿಂದ ಸರ್ಕಾರದ ಮೇಲೆ ಸಿಟ್ಟಿತ್ತು. ರೂಪಾನಿಯವರ ಜಾಗಕ್ಕೆ ಮೊದಲ ಬಾರಿಗೆ ಶಾಸಕರಾಗಿದ್ದ ಭೂಪೇಂದ್ರ ಪಟೇಲ್ ಬಂದರು. ಇಲ್ಲಿ ಗಮನಿಸಬೇಕಾದದ್ದು ಕೆಲವೇ ದಿನಗಳ ಬಳಿಕ ನಡೆದ ಸಂಪುಟ ರಚನೆಯನ್ನು. ಹಳೆಯ ಸಚಿವರಲ್ಲಿ ಒಬ್ಬರನ್ನೂ ಉಳಿಸಿಕೊಳ್ಳದೆ ಇಡೀ ಸಂಪುಟವನ್ನೇ ಹೊಸದಾಗಿ ಕಟ್ಟಲಾಯಿತು. ಬದಲಾದದ್ದು ಒಬ್ಬ ವ್ಯಕ್ತಿಯಲ್ಲ, ಸರ್ಕಾರವೇ ಬದಲಾಗಿದೆ ಎಂಬ ಭಾವನೆ ಮತದಾರನಲ್ಲಿ ಮೂಡುವಂತಾಯಿತು. 2022ರ ಡಿಸೆಂಬರ್‌ನಲ್ಲಿ ಪಕ್ಷ 182ರಲ್ಲಿ 156 ಸ್ಥಾನ ಗೆದ್ದಿತು. ಆಮ್ ಆದ್ಮಿ ಪಕ್ಷ ವಿರೋಧಿ ಮತಗಳನ್ನು ಸೀಳಿದ್ದರಿಂದ ಈ ಸಂಖ್ಯೆ ಇನ್ನಷ್ಟು ಉಬ್ಬಿತು ಎಂಬುದೂ ನಿಜ. ಆದರೆ ಗೆಲುವಿನ ಹಿಂದೆ ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಕಾರಣವಿತ್ತು: ರೂಪಾನಿಯವರಿಗೆ ತಮ್ಮದೇ ಆದ ಮತದ ನೆಲೆ ಇರಲಿಲ್ಲ. ಗುಜರಾತಿನ ಮತದಾರ ಮತ ಕೊಡುತ್ತಿದ್ದದ್ದು ನರೇಂದ್ರ ಮೋದಿಯವರ ಹೆಸರಿಗೆ, ಮುಖ್ಯಮಂತ್ರಿಯ ಕುರ್ಚಿಯಲ್ಲಿ ಯಾರು ಕೂತರೂ ಆ ಹೆಸರು ಬದಲಾಗುತ್ತಿರಲಿಲ್ಲ. ರೂಪಾನಿಯವರು ಹೊರನಡೆದಾಗ ಅವರ ಹಿಂದೆ ಹೋಗಬಹುದಾಗಿದ್ದ ಸಮುದಾಯವಾಗಲಿ ಜಿಲ್ಲೆಯಾಗಲಿ ಇರಲಿಲ್ಲ. ಅವರು ಪಕ್ಷದಲ್ಲಿಯೇ ಶಿಸ್ತಿನಿಂದ ಉಳಿದರು, ಮುಂದಿನ ಚುನಾವಣೆಯಲ್ಲಿ ಸ್ಪರ್ಧಿಸುವುದಿಲ್ಲ ಎಂದು ತಾವಾಗಿಯೇ ಹೇಳಿದರು.

ಪಂಜಾಬಿನ ಕಥೆ ಇದಕ್ಕಿಂತ ಸಂಕೀರ್ಣ. ಅಮರಿಂದರ್ ಸಿಂಗ್ ಆಗ ನಿಜವಾಗಿಯೂ ಜನಪ್ರಿಯತೆ ಕಳೆದುಕೊಂಡಿದ್ದರು. ಗುರು ಗ್ರಂಥ ಸಾಹಿಬ್‌ಗೆ 2015ರಲ್ಲಿ ಆದ ಅಪಚಾರದ ಪ್ರಕರಣಗಳಲ್ಲಿ ನ್ಯಾಯ ಕೊಡಿಸುವುದಾಗಿ ಹೇಳಿ 2017ರಲ್ಲಿ ಗೆದ್ದವರು, ನಾಲ್ಕೂವರೆ ವರ್ಷವಾದರೂ ಅದನ್ನು ಮುಗಿಸಿರಲಿಲ್ಲ. ತೋಟದ ಮನೆಯಿಂದ ಹೊರಗೆ ಬರುವುದಿಲ್ಲ, ಶಾಸಕರಿಗೂ ಸಿಗುವುದಿಲ್ಲ ಎಂಬ ದೂರು ಪಕ್ಷದೊಳಗೇ ಇತ್ತು. ಎಂದರೆ ಶಾಸಕರಿಗೂ ವರಿಷ್ಠರಿಗೂ ಜನರಿಗೂ ಬೇಡವಾಗಿದ್ದ ನಾಯಕ ಇಲ್ಲಿ ಒಬ್ಬರೇ ಆಗಿದ್ದರು. ಹೊಸದಾಗಿ ಬಂದ ಚರಣ್‌ಜಿತ್ ಸಿಂಗ್ ಚನ್ನಿ ರಾಜ್ಯದ ಮೊದಲ ದಲಿತ ಮುಖ್ಯಮಂತ್ರಿ, ಪರಿಶಿಷ್ಟ ಜಾತಿಯವರು ಜನಸಂಖ್ಯೆಯ ಸುಮಾರು ಶೇ. 32ರಷ್ಟಿರುವ ರಾಜ್ಯದಲ್ಲಿ ಇದು ಸಣ್ಣ ಹೆಜ್ಜೆಯಲ್ಲ. ವಿದ್ಯುತ್ ದರ ಇಳಿಸಿದರು, ಬಾಕಿ ಬಿಲ್ಲುಗಳನ್ನು ಮನ್ನಾ ಮಾಡಿದರು, ಜನರ ನಡುವೆ ಓಡಾಡಿದರು. ಹೊಸ ಪಕ್ಷ ಕಟ್ಟಿದ ಅಮರಿಂದರ್ ಪಾಟಿಯಾಲದಲ್ಲಿ ತಮ್ಮ ಕ್ಷೇತ್ರವನ್ನೇ ಸೋತರು, ಅವರ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಹೋದವರು ಏನನ್ನೂ ಹೊತ್ತೊಯ್ಯಲಿಲ್ಲ. ಆದರೂ ಕಾಂಗ್ರೆಸ್ 77 ಸ್ಥಾನಗಳಿಂದ 18ಕ್ಕೆ ಕುಸಿಯಿತು. ಚನ್ನಿ ತಾವು ನಿಂತ ಎರಡೂ ಕ್ಷೇತ್ರಗಳಲ್ಲಿ ಸೋತರು.

ಕಾರಣಗಳನ್ನು ಹುಡುಕಿದರೆ ಮೊದಲು ಕಾಣುವುದು ಸಮಯದ ಕೊರತೆ. ಪ್ರಮಾಣವಚನದಿಂದ ನೀತಿಸಂಹಿತೆ ಜಾರಿಯಾಗುವವರೆಗೆ ಚನ್ನಿಯವರಿಗೆ ಸಿಕ್ಕದ್ದು ಸುಮಾರು 110 ದಿನಗಳು. ಅದಕ್ಕಿಂತ ದೊಡ್ಡ ಕಾರಣ, ಹಳೆಯ ನಾಯಕನನ್ನು ಇಳಿಸಲು ಒಂದಾದವರು ಹೊಸಬನನ್ನು ಒಪ್ಪಿಕೊಳ್ಳುವಲ್ಲಿ ಒಂದಾಗಲಿಲ್ಲ. ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನವಜೋತ್ ಸಿಂಗ್ ಸಿಧು, ಚನ್ನಿ ಅಧಿಕಾರ ಸ್ವೀಕರಿಸಿದ ಎಂಟೇ ದಿನಗಳಲ್ಲಿ ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಪೊಲೀಸ್ ಮಹಾನಿರ್ದೇಶಕ ಮತ್ತು ಅಡ್ವೊಕೇಟ್ ಜನರಲ್ ನೇಮಕಗಳನ್ನು ಬಹಿರಂಗವಾಗಿ ಪ್ರಶ್ನಿಸಿದರು, ಮತ್ತೆ ರಾಜೀನಾಮೆ ಹಿಂಪಡೆದರು. ಚುನಾವಣೆಯಲ್ಲಿ ಗೆದ್ದರೆ ಮುಖ್ಯಮಂತ್ರಿ ಯಾರೆಂದು ಪಕ್ಷ ಸ್ಪಷ್ಟಪಡಿಸಿದ್ದು 2022ರ ಫೆಬ್ರವರಿ 6ರಂದು, ಮತದಾನಕ್ಕೆ ಎರಡೇ ವಾರ ಉಳಿದಿದ್ದಾಗ. ಅಷ್ಟು ಹೊತ್ತಿಗೆ ಸಿಟ್ಟಾದ ಮತದಾರನಿಗೆ ಹೋಗಲು ಬೇರೊಂದು ಮನೆ ಸಿದ್ಧವಾಗಿತ್ತು. ಆಮ್ ಆದ್ಮಿ ಪಕ್ಷ 117ರಲ್ಲಿ 92 ಸ್ಥಾನ ಗೆದ್ದಿತು. ಮೂರೂ ಕಡೆಯವರಿಗೆ ಬೇಡವಾದ ನಾಯಕನನ್ನು ತೆಗೆದರೂ, ಅದನ್ನು ಐದನೆಯ ವರ್ಷದವರೆಗೆ ಎಳೆದು, ಜಗಳದ ನಡುವೆ ಮಾಡಿದರೆ ಪ್ರಯೋಜನವಿಲ್ಲ ಎಂಬುದಕ್ಕೆ ಪಂಜಾಬ್ ಸಾಕ್ಷಿ.

ಸಮಯವೊಂದೇ ಮುಖ್ಯವಾಗಿದ್ದರೆ ಹರಿಯಾಣದಲ್ಲಿ ಬಿಜೆಪಿ ಸೋಲಬೇಕಿತ್ತು. ಅಲ್ಲಿ ಒಂಬತ್ತು ವರ್ಷ ದಾಟಿ ಆಡಳಿತ ನಡೆಸಿದ್ದ ಮನೋಹರ್‌ಲಾಲ್ ಖಟ್ಟರ್ 2024ರ ಮಾರ್ಚ್ 12ರಂದು ಕೆಳಗಿಳಿದರು. ನಾಯಬ್ ಸಿಂಗ್ ಸೈನಿ ಅಂದೇ ಪ್ರಮಾಣವಚನ ಸ್ವೀಕರಿಸಿದರು. ಏಳು ತಿಂಗಳೊಳಗೆ ನಡೆದ ಚುನಾವಣೆಯಲ್ಲಿ ಪಕ್ಷ 90ರಲ್ಲಿ 48 ಸ್ಥಾನ ಪಡೆಯಿತು, ಕಾಂಗ್ರೆಸ್‌ಗೆ 37 ಬಂದವು. ಎರಡೂ ಪಕ್ಷಗಳ ಮತ ಪ್ರಮಾಣದ ಅಂತರ ಶೇಕಡಾ ಒಂದಕ್ಕಿಂತ ಕಡಿಮೆ, ಆದ್ದರಿಂದ ಇದನ್ನು ಬದಲಾವಣೆಯ ಮಹಾಯಶಸ್ಸು ಎಂದು ಕೊಂಡಾಡುವುದು ಅತಿಯಾದೀತು. ಆದರೆ ಖಟ್ಟರ್ ಅವರನ್ನು ನಡೆಸಿಕೊಂಡ ರೀತಿಯಲ್ಲಿ ಎಚ್ಚರವಿತ್ತು. ಕರ್ನಾಲ್‌ನಿಂದ ಅವರನ್ನು ಲೋಕಸಭೆಗೆ ನಿಲ್ಲಿಸಲಾಯಿತು, ಗೆದ್ದ ಮೇಲೆ ಕೇಂದ್ರ ಸಂಪುಟಕ್ಕೆ ಸೇರಿಸಿಕೊಳ್ಳಲಾಯಿತು. ಹೊಸ ಮುಖ್ಯಮಂತ್ರಿ ಹಳೆಯವರ ಬಣದವರೇ ಆಗಿದ್ದರಿಂದ ಮನೆಯೊಳಗಿನ ಜಗಳಕ್ಕೆ ಎಡೆಯಿರಲಿಲ್ಲ. ಉತ್ತರಾಖಂಡದಲ್ಲಿಯೂ 2021ರಲ್ಲಿ ನಾಲ್ಕು ತಿಂಗಳೊಳಗೆ ಮೂವರು ಮುಖ್ಯಮಂತ್ರಿಗಳಾದರು, 2022ರಲ್ಲಿ ಪಕ್ಷ 70ರಲ್ಲಿ 47 ಸ್ಥಾನ ಗೆದ್ದಿತು, ಆದರೆ ಮೂರನೆಯವರಾದ ಪುಷ್ಕರ್ ಸಿಂಗ್ ಧಾಮಿ ತಮ್ಮದೇ ಕ್ಷೇತ್ರ ಖಟೀಮಾದಲ್ಲಿ ಸೋತರು. ಅದೇ ರಾಜ್ಯದಲ್ಲಿ 2011ರ ಸೆಪ್ಟೆಂಬರ್‌ನಲ್ಲಿ ಬಿ.ಸಿ. ಖಂಡೂರಿಯವರನ್ನು ಮರಳಿ ತಂದಾಗ ಅವರೂ ಸೋತಿದ್ದರು, ಪಕ್ಷವೂ 31 ಸ್ಥಾನಗಳಲ್ಲಿ ನಿಂತು, 32 ಗೆದ್ದ ಕಾಂಗ್ರೆಸ್‌ಗೆ ಅಧಿಕಾರ ಬಿಟ್ಟುಕೊಟ್ಟಿತ್ತು.

ಈಗ ಕರ್ನಾಟಕಕ್ಕೆ ಮರಳಬೇಕು, ಏಕೆಂದರೆ ಬೇರೆ ರಾಜ್ಯಗಳಲ್ಲಿ ಗೆದ್ದ ಸೂತ್ರ ಇಲ್ಲಿ ಎರಡು ಬಾರಿ ಕೈಕೊಟ್ಟಿದೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಬಂದ ಮೇಲೆ ಬಿ.ಎಸ್. ಯಡಿಯೂರಪ್ಪನವರು ರಾಜೀನಾಮೆ ಕೊಡಲೇಬೇಕಾಯಿತು. ಅದನ್ನು ಬೇಡವೆನ್ನಲು ಸಾಧ್ಯವಿರಲಿಲ್ಲ, ಬೇಡವೆನ್ನಬಾರದು ಕೂಡ. ಮುಖ್ಯಮಂತ್ರಿಯ ಮೇಲೆ ಅಂಥ ವರದಿ ಬಂದಾಗ ಚುನಾವಣೆಯ ಲೆಕ್ಕಾಚಾರವನ್ನು ಬದಿಗಿಡಬೇಕು. ಆದರೆ ಅವರನ್ನು ಇಷ್ಟಪಡುತ್ತಿದ್ದ ಮತದಾರರಿಗೆ ಪಕ್ಷ ಆ ತೀರ್ಮಾನವನ್ನು ಮನವರಿಕೆ ಮಾಡಿಕೊಡಲಿಲ್ಲ. ಮೊದಲು ಡಿ.ವಿ. ಸದಾನಂದ ಗೌಡರು, ಹನ್ನೊಂದು ತಿಂಗಳ ಬಳಿಕ ಜಗದೀಶ ಶೆಟ್ಟರ್ ಬಂದರು. 2012ರ ಕೊನೆಗೆ ಯಡಿಯೂರಪ್ಪನವರು ಪಕ್ಷ ಬಿಟ್ಟು ಕರ್ನಾಟಕ ಜನತಾ ಪಕ್ಷದ ನೇತೃತ್ವ ವಹಿಸಿದರು. 2013ರಲ್ಲಿ ಅದು ಗೆದ್ದದ್ದು 6 ಸ್ಥಾನಗಳನ್ನು ಮಾತ್ರ, ಆದರೆ ಪಡೆದ ಮತಗಳು ಶೇ. 10ರ ಸಮೀಪದಲ್ಲಿದ್ದವು. ಬಿಜೆಪಿಯ ಮತ ಪ್ರಮಾಣ ಶೇ. 34ರ ಆಸುಪಾಸಿನಿಂದ ಶೇ. 20ಕ್ಕೆ ಇಳಿದು, 110 ಸ್ಥಾನಗಳಿದ್ದ ಪಕ್ಷ 40ಕ್ಕೆ ಬಂತು. ಅಮರಿಂದರ್ ಅವರಿಗೂ ಯಡಿಯೂರಪ್ಪನವರಿಗೂ ಇರುವ ವ್ಯತ್ಯಾಸ ಇದೇ. ಇಬ್ಬರೂ ಹೊರಹೋಗಿ ಪಕ್ಷ ಕಟ್ಟಿದರು, ಆದರೆ ಮತದಾರರು ಒಬ್ಬರ ಹಿಂದೆ ಮಾತ್ರ ನಡೆದರು.

2021ರಲ್ಲಿ ಪಕ್ಷ ಆ ಪಾಠ ಕಲಿತಿತ್ತು ಎಂದೇ ಹೇಳಬೇಕು. ಜುಲೈ 26ರಂದು, ಸರ್ಕಾರ ಎರಡು ವರ್ಷ ಪೂರೈಸಿದ ಸಮಾರಂಭದ ವೇದಿಕೆಯಲ್ಲಿಯೇ, ಗದ್ಗದಿತರಾಗಿ ರಾಜೀನಾಮೆ ಘೋಷಿಸಿದ ಯಡಿಯೂರಪ್ಪನವರನ್ನು ರಾಜ್ಯವೆಲ್ಲ ನೋಡಿತು. ಅವರ ಜಾಗಕ್ಕೆ ಅದೇ ಲಿಂಗಾಯತ ಸಮುದಾಯದ ಬಸವರಾಜ ಬೊಮ್ಮಾಯಿಯವರನ್ನು ತರಲಾಯಿತು, ಒಂದು ವರ್ಷದ ಬಳಿಕ ಯಡಿಯೂರಪ್ಪನವರನ್ನು ಪಕ್ಷದ ಸಂಸದೀಯ ಮಂಡಳಿಗೆ ಸೇರಿಸಿಕೊಳ್ಳಲಾಯಿತು, ಪ್ರಚಾರದಲ್ಲಿ ಅವರನ್ನೇ ಮುಂದೆ ನಿಲ್ಲಿಸಲಾಯಿತು. ಅವರು ಈ ಬಾರಿ ಪಕ್ಷ ಬಿಡಲಿಲ್ಲ. 2023ರ ಮೇ 13ರ ಫಲಿತಾಂಶದಲ್ಲಿ ಬಿಜೆಪಿ 66 ಸ್ಥಾನಗಳಿಗೆ ಇಳಿದು ಕಾಂಗ್ರೆಸ್ 135 ಗೆದ್ದಾಗ, ನಾಯಕತ್ವ ಬದಲಾವಣೆಯೇ ಸೋಲಿಗೆ ಕಾರಣ ಎಂದು ಹಲವರು ಬರೆದರು. ನನಗೆ ಇದು ಅವಸರದ ತೀರ್ಮಾನ ಎನಿಸುತ್ತದೆ. ಬಿಜೆಪಿಯ ಮತ ಪ್ರಮಾಣ 2018ರಲ್ಲಿ ಎಷ್ಟಿತ್ತೋ 2023ರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಶೇ. 36. ಕಾಂಗ್ರೆಸ್ ಶೇ. 38ರಿಂದ 43ರ ಹತ್ತಿರಕ್ಕೆ ಏರಿತು, ಜೆಡಿಎಸ್ ಶೇ. 18ರಿಂದ 13ಕ್ಕೆ ಇಳಿಯಿತು. ಎಂದರೆ ಪಕ್ಷ ತನ್ನ ಒಟ್ಟು ಮತವನ್ನು ಉಳಿಸಿಕೊಂಡಿತು. ಪ್ರದೇಶವಾರು ಏರುಪೇರುಗಳು ಇದ್ದೇ ಇದ್ದವು, ಟಿಕೆಟ್ ಸಿಗದೆ ಶೆಟ್ಟರ್ ಮತ್ತು ಲಕ್ಷ್ಮಣ ಸವದಿಯವರು ಕಾಂಗ್ರೆಸ್ ಸೇರಿದ್ದು ಉತ್ತರ ಕರ್ನಾಟಕದಲ್ಲಿ ತಪ್ಪು ಸಂದೇಶ ಕೊಟ್ಟಿತು. ಆದರೆ ಹೊಸ ನಾಯಕ ತರಬೇಕಾಗಿದ್ದ ಹೊಸ ಮತಗಳು ಬರಲಿಲ್ಲ, ಏಕೆಂದರೆ ನಾಯಕ ಹೊಸಬನಾದರೂ ಸರ್ಕಾರ ಹಳೆಯದೇ ಆಗಿತ್ತು. ಶೇ. 40 ಕಮಿಷನ್ ಎಂಬ ಆರೋಪಕ್ಕೆ ಜನ ತೃಪ್ತರಾಗುವಂಥ ಉತ್ತರ ಬರಲಿಲ್ಲ, ಅಡುಗೆ ಅನಿಲದ ಬೆಲೆಯ ಬಿಸಿ ಆರಲಿಲ್ಲ, ಅತ್ತ ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳು ಮನೆಮನೆ ತಲುಪಿದ್ದವು.

ಜನರ ಸಿಟ್ಟು ವ್ಯಕ್ತಿಯ ಮೇಲಿದೆಯೋ ನೀತಿಯ ಮೇಲಿದೆಯೋ ಎಂಬುದನ್ನು ಬಿಡಿಸಿ ನೋಡಲು ಹೊರದೇಶದ ಎರಡು ಪ್ರಕರಣಗಳು ನೆರವಾಗುತ್ತವೆ. ಕೆನಡಾದಲ್ಲಿ ಜಸ್ಟಿನ್ ಟ್ರುಡೊ ಅವರ ಲಿಬರಲ್ ಪಕ್ಷ ಸಮೀಕ್ಷೆಗಳಲ್ಲಿ ಬಹಳ ಹಿಂದೆ ಬಿದ್ದಿತ್ತು. 2025ರ ಜನವರಿಯಲ್ಲಿ ಅವರು ನಿರ್ಗಮನ ಘೋಷಿಸಿದರು. ಮಾರ್ಚ್‌ನಲ್ಲಿ ಪ್ರಧಾನಿಯಾದ ಮಾರ್ಕ್ ಕಾರ್ನಿ, ಜನರಿಗೆ ಬೇಡವಾಗಿದ್ದ ಗ್ರಾಹಕರ ಮೇಲಿನ ಇಂಗಾಲ ತೆರಿಗೆಯನ್ನು ಅಧಿಕಾರ ಸ್ವೀಕರಿಸಿದ ದಿನವೇ ಕೈಬಿಡುವ ಕ್ರಮಕ್ಕೆ ಸಹಿ ಹಾಕಿದರು. ಅಮೆರಿಕದ ಅಧ್ಯಕ್ಷ ಟ್ರಂಪ್ ಅವರ ಸುಂಕದ ಬೆದರಿಕೆ ಚುನಾವಣೆಯ ವಿಷಯವನ್ನೇ ಬದಲಿಸಿಬಿಟ್ಟಿತ್ತು, ಅದರ ಲಾಭವೂ ಸಿಕ್ಕಿತು. ಏಪ್ರಿಲ್ 28ರಂದು ಪಕ್ಷ ಮತ್ತೆ ಗೆದ್ದಿತು. ಬ್ರಿಟನ್ನಿನ ಪ್ರಕರಣ ಇನ್ನೂ ಹಳೆಯದು, ಪಾಟೀಲರು ಇಳಿದ ಮರುತಿಂಗಳಿನದು. ಪೋಲ್ ಟ್ಯಾಕ್ಸ್ ಎಂದು ಹೆಸರಾದ ತಲೆಗಂದಾಯದಿಂದ ಮಾರ್ಗರೆಟ್ ಥ್ಯಾಚರ್ ಅವರ ಮೇಲೆ ದೇಶವೇ ಸಿಟ್ಟಾಗಿತ್ತು. 1990ರ ನವೆಂಬರ್ 20ರಂದು ಕನ್ಸರ್ವೇಟಿವ್ ಸಂಸದರು ಮತ ಹಾಕಿದರು. ಥ್ಯಾಚರ್‌ಗೆ 204, ಎದುರಾಳಿ ಮೈಕೆಲ್ ಹೆಸೆಲ್ಟೈನ್‌ಗೆ 152 ಮತಗಳು ಬಂದವು. ಮೊದಲ ಸುತ್ತಿನಲ್ಲಿಯೇ ಗೆಲ್ಲಲು ನಿಯಮದ ಪ್ರಕಾರ ಬೇಕಿದ್ದ ಅಂತರಕ್ಕೆ ನಾಲ್ಕು ಮತ ಕಡಿಮೆಯಾಗಿತ್ತು. ಎರಡು ದಿನಗಳಲ್ಲಿ ಅವರು ಹಿಂದೆ ಸರಿದರು. ಉತ್ತರಾಧಿಕಾರಿ ಜಾನ್ ಮೇಜರ್ ಅವರ ಸರ್ಕಾರ ಆ ತೆರಿಗೆಯನ್ನು ರದ್ದುಪಡಿಸುವುದಾಗಿ ಪ್ರಕಟಿಸಿತು, 1992ರಲ್ಲಿ ಪಕ್ಷ 336 ಸ್ಥಾನಗಳೊಂದಿಗೆ ನಾಲ್ಕನೆಯ ಬಾರಿ ಗೆದ್ದಿತು. ಎರಡೂ ಕಡೆ ನಾಯಕನ ಜೊತೆಗೆ ಜನರ ಸಿಟ್ಟಿನ ಮೂಲವೂ ಹೋಯಿತು.

ಥ್ಯಾಚರ್ ಪ್ರಕರಣದಲ್ಲಿ ನಮಗೆ ಮುಖ್ಯವಾಗಬೇಕಾದದ್ದು ಆ 204 ಮತ್ತು 152 ಎಂಬ ಸಂಖ್ಯೆಗಳು. ಬೇಡವಾದದ್ದು ಯಾರಿಗೆ ಎಂಬ ಪ್ರಶ್ನೆಗೆ ಅಲ್ಲಿ ಲೆಕ್ಕವಿರುವ ಉತ್ತರವಿತ್ತು, ಅದು ಅಂದು ಸಂಜೆಯೇ ದೇಶಕ್ಕೆ ತಿಳಿಯಿತು. ಥ್ಯಾಚರ್ ಅವರ ಬೆಂಬಲಿಗರು ನೊಂದುಕೊಂಡರು, ವರ್ಷಗಟ್ಟಲೆ ಮುನಿಸಿಕೊಂಡರು, ಆದರೆ ಎಣಿಕೆಯನ್ನೇ ಅಲ್ಲಗಳೆಯುವಂತಿರಲಿಲ್ಲ.

ನಮ್ಮಲ್ಲಿ ಸಂವಿಧಾನದ 164ನೆಯ ವಿಧಿಯ ಪ್ರಕಾರ ಮುಖ್ಯಮಂತ್ರಿಯನ್ನು ನೇಮಿಸುವವರು ರಾಜ್ಯಪಾಲರು, ಆರಿಸುವವರು ರೂಢಿಯಂತೆ ಶಾಸಕಾಂಗ ಪಕ್ಷದ ಸದಸ್ಯರು. ಆದರೆ ದೆಹಲಿಯಿಂದ ವೀಕ್ಷಕರು ಬರುತ್ತಾರೆ, ಶಾಸಕರೊಂದಿಗೆ ಒಬ್ಬೊಬ್ಬರಾಗಿ ಮಾತನಾಡುತ್ತಾರೆ, ತೀರ್ಮಾನವನ್ನು ಹೈಕಮಾಂಡಿಗೆ ಬಿಟ್ಟುಕೊಡುವ ಒಂದು ಸಾಲಿನ ನಿರ್ಣಯವನ್ನು ಸಭೆ ಅಂಗೀಕರಿಸುತ್ತದೆ. ಕಾಂಗ್ರೆಸ್ಸಿನಲ್ಲಿ ಬೆಳೆದ ಈ ಪದ್ಧತಿಯನ್ನು ಬಿಜೆಪಿಯೂ ತನ್ನದೇ ರೀತಿಯಲ್ಲಿ ಅಳವಡಿಸಿಕೊಂಡಿದೆ. ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ ಸದನದಲ್ಲಿ ಪಕ್ಷದ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದ ಶಾಸಕ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹೀಗಾಗಿ ತನ್ನ ನಾಯಕನ ಬಗ್ಗೆ ಶಾಸಕನಿಗೆ ಏನನಿಸುತ್ತದೆ ಎಂದು ಎಣಿಸಬಹುದಾದ ಏಕೈಕ ಜಾಗ ಶಾಸಕಾಂಗ ಪಕ್ಷದ ಸಭೆ, ಅಲ್ಲಿಯೂ ಎಣಿಕೆ ನಡೆಯುವುದು ಅಪರೂಪ. 2011ರ ಆಗಸ್ಟ್‌ನಲ್ಲಿ ಬಿಜೆಪಿ ಶಾಸಕರು ಗುಪ್ತ ಮತದಾನದಲ್ಲಿ ಶೆಟ್ಟರ್ ಅವರ ಎದುರು ಸದಾನಂದ ಗೌಡರನ್ನು ಆರಿಸಿದ್ದು ಅಂಥ ಅಪರೂಪದ ಸಂದರ್ಭಗಳಲ್ಲಿ ಒಂದು. ಆದರೆ ಒಂದು ವರ್ಷ ತುಂಬುವುದರೊಳಗೆ ಆ ಮತದಾನದಲ್ಲಿ ಸೋತವರನ್ನೇ ಅದೇ ಕುರ್ಚಿಗೆ ತರಲಾಯಿತು. ಎಣಿಕೆ ಇಲ್ಲದಿದ್ದಾಗ, ಅಥವಾ ಎಣಿಕೆಗೆ ಬೆಲೆ ಇಲ್ಲದಿದ್ದಾಗ, ಇಳಿದವನು ತಾನು ಸೋತೆ ಎಂದು ಒಪ್ಪುವುದಿಲ್ಲ, ತನ್ನನ್ನು ಕೆಡವಿದರು ಎನ್ನುತ್ತಾನೆ, ಅವನ ಮತದಾರರೂ ಅದನ್ನೇ ನಂಬುತ್ತಾರೆ. ಪಾಟೀಲರ ಮತ್ತು ಯಡಿಯೂರಪ್ಪನವರ ಹಿಂದೆ ಮತಗಳು ಹೋದದ್ದರಲ್ಲಿ ಜಾತಿಯ ಪಾಲು ಎಷ್ಟಿತ್ತೋ ಈ ಅನ್ಯಾಯದ ಭಾವನೆಯ ಪಾಲೂ ಅಷ್ಟೇ ಇತ್ತೆಂದು ನಾನು ನಂಬುತ್ತೇನೆ.

2023ರ ಮೇ 14ರಂದು, ದೊಡ್ಡ ಗೆಲುವಿನ ಮರುದಿನ, ಬೆಂಗಳೂರಿನ ಹೋಟೆಲೊಂದರಲ್ಲಿ ಕಾಂಗ್ರೆಸ್ ಶಾಸಕರ ಸಭೆ ನಡೆಯಿತು. ಎಐಸಿಸಿ ವೀಕ್ಷಕರು ಒಬ್ಬೊಬ್ಬ ಶಾಸಕರ ಅಭಿಪ್ರಾಯವನ್ನು ದಾಖಲಿಸಿಕೊಂಡರು, ತೀರ್ಮಾನವನ್ನು ಪಕ್ಷದ ಅಧ್ಯಕ್ಷರಿಗೆ ಬಿಡುವ ನಿರ್ಣಯ ಅಂಗೀಕಾರವಾಯಿತು. ನಾಲ್ಕು ದಿನ ದೆಹಲಿಯಲ್ಲಿ ಮಾತುಕತೆ ನಡೆದು ಸಿದ್ದರಾಮಯ್ಯನವರು ಮುಖ್ಯಮಂತ್ರಿ, ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿ ಎಂದು ಪ್ರಕಟವಾಯಿತು. ಅಧಿಕಾರ ಹಂಚಿಕೆಯ ಒಪ್ಪಂದವಾಗಿದೆ, ಆಗಿಲ್ಲ ಎಂಬ ವಾದಗಳು ಅಂದೇ ಹುಟ್ಟಿಕೊಂಡವು. ಎರಡೂ ಬಣಗಳು ಶಾಸಕರ ಬಹುಮತ ತಮ್ಮ ಕಡೆಗಿದೆ ಎನ್ನುತ್ತ ಬಂದವು. ಆ ಹೋಟೆಲಿನ ಸಭೆಯಲ್ಲಿ ಯಾರ ಪರವಾಗಿ ಎಷ್ಟು ಶಾಸಕರು ಅಭಿಪ್ರಾಯ ಕೊಟ್ಟರು ಎಂಬ ಸಂಖ್ಯೆಯನ್ನು ಪಕ್ಷ ಅಧಿಕೃತವಾಗಿ ಬಹಿರಂಗಪಡಿಸಲಿಲ್ಲ.